ಮುಷ್ಟಿಯಷ್ಟು ಕುಲಾವಿ

ಬಾಗಿಲು ತೆರೆಯಿತು, ಒಳಗಿನ ಬೆಚ್ಚನೆಯ ಗಾಳಿ ಮುಖಕ್ಕೆ ಸೋಕಿತು, ಮುಚ್ಚಿತು, ಮತ್ತೆ ಹಜಾರದ ಥಂಡಿ — ಇರಲಿ, ಒಳಗೆ ಬೆಚ್ಚಗಿದೆಯಲ್ಲ, ಅಷ್ಟು ಸಾಕು, ಹೊರಗೆ ಈ ಸ್ಟೀಲ್ ಬೆಂಚು ನಮ್ಮನ್ನು ಕೊರೆದರೆ ಕೊರೆಯಲಿ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಮೊಮ್ಮಗಳು ಮಲಗಿದ್ದಾಳೆ, ನಿನ್ನೆ ಬಂದವಳು, ಇನ್ನೂ ಎರಡು ತಿಂಗಳು ಬಿಟ್ಟು ಬರಬೇಕಿದ್ದವಳು, ಅಂಥ ಅವಸರ ಏನಿತ್ತು ಪುಟ್ಟೀ, ಇಲ್ಲಿ ಯಾವ ಬಸ್ಸು ತಪ್ಪಿಹೋಗುತ್ತಿತ್ತು — ಕುಣಿಕೆಯೊಳಗೆ ಕಡ್ಡಿ ತೂರಿಸು, ದಾರ ಸುತ್ತು, ಎಳೆ, ರೀ, ದಾರದ ಕತ್ತು ಹಿಸುಕ್ತಿದ್ದೀರಾ, ಸ್ವಲ್ಪ ಸಡಿಲ ಬಿಡಿ, ಎನ್ನುತ್ತಾಳೆ ಪಕ್ಕದಲ್ಲಿ ಕೂತ ಹೆಂಡತಿ, ಎದುರಿನ ಗೋಡೆ ನೋಡಿಕೊಂಡೇ ಎನ್ನುತ್ತಾಳೆ, ನನ್ನ ಉಸಿರಿನ ಸದ್ದಿನಲ್ಲೇ ಕುಣಿಕೆ ಬಿಗಿಯಾದದ್ದು ಅವಳಿಗೆ ಗೊತ್ತಾಗುತ್ತದಂತೆ, ಬಿಗಿಯಾಗದೆ ಇನ್ನೇನು, ವರ್ಷಗಟ್ಟಲೆ ಲಿಫ್ಟ್ ರಿಪೇರಿ ಮಾಡಿದ ಕೈ ಇದು, ಉಕ್ಕಿನ ಹಗ್ಗ, ಸ್ಪ್ಯಾನರು, ಗ್ರೀಸು, ಬಿಗಿ ಮಾಡುವುದೊಂದೇ ಗೊತ್ತು ಇದಕ್ಕೆ, ಸಡಿಲ ಬಿಟ್ಟರೆ ಜನ ಕೆಳಗೆ ಬೀಳುತ್ತಾರೆ — ಈ ಆಸ್ಪತ್ರೆಯ ಲಿಫ್ಟು ಕೂಡ ನಿಲ್ಲುವಾಗ ಒಮ್ಮೆ ಬಿಕ್ಕುತ್ತದೆ, ಬ್ರೇಕು ಸವೆದಿರಬೇಕು, ಯಾರಿಗಾದರೂ ಹೇಳಲೇ, ಬೇಡ, ಈಗ ಕುಲಾವಿ, ಕುಲಾವಿ ಮೊದಲು.

ಈ ಕ್ರೋಶಾ ಕಡ್ಡಿ ನನ್ನದಲ್ಲ, ಅವಳದು, ಹಿಡಿಯುವ ಕಡೆ ಅವಳ ಬೆರಳು ತಾಗಿ ತಾಗಿ ಬಣ್ಣ ಹೋಗಿದೆ, ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಇವಳ ಕುಲಾವಿ, ಇವಳ ಕಾಲುಚೀಲ, ಮೀಸೆ ಬಂದ ಹುಡುಗರು ಈಗಲೂ ಅತ್ತೆ ಚೆನ್ನಾಗಿದ್ದೀರಾ ಎಂದು ಬೈಕು ನಿಲ್ಲಿಸುತ್ತಾರೆ, ಆ ಕಿವಿಗಳನ್ನೆಲ್ಲ ಬೆಚ್ಚಗಿಟ್ಟವಳು ಇವಳು, ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕುಸಿದಳು, ಮಾತು ಉಳಿಯಿತು, ನಡಿಗೆ ನಿಧಾನಕ್ಕೆ ಬಂತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡುಬಿಟ್ಟಿತು, ಎಷ್ಟು ಎಣ್ಣೆ ಹಚ್ಚಿದರೂ, ಎಷ್ಟು ಬಿಡಿಸಿದರೂ ಮತ್ತೆ ಮಡಿಸಿಕೊಳ್ಳುತ್ತದೆ, ಆ ಕಡ್ಡಿ, ದಾರದ ಬುಟ್ಟೀನ ಯಾರಿಗಾದ್ರೂ ಕೊಟ್ಬಿಡಿ ಎಂದಳು, ನಾನು ಹೂಂ ಎಂದೆ, ಅಟ್ಟದ ಮೇಲಿಟ್ಟೆ — ಕೊಡದೆ ಇದ್ದದ್ದು ಒಳ್ಳೆಯದಾಯಿತು, ಮಗಳು ಬಸುರಿ ಅಂತ ಫೋನು ಬಂದ ದಿನ ಇವಳ ಕಣ್ಣು ನೆಟ್ಟಗೆ ಅಟ್ಟಕ್ಕೆ ಹೋಯಿತು, ಏಣಿ ಹಾಕಿ ಇಳಿಸಿದೆ, ದೂಳು ಕೊಡವಿ ಅವಳ ಮುಂದಿಟ್ಟೆ, ಕಲಿಸು ಎಂದೆ, ಯಾರಿಗೆ, ನಿಮಗಾ, ಎಂದು ನಕ್ಕಳು ನೋಡಿ, ಕಾಯಿಲೆ ಬಿದ್ದಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು, ಆ ನಗುವೊಂದಕ್ಕೇ ನಾನು ಊರಿಗೆಲ್ಲ ಸ್ವೆಟರು ಹೆಣೆದುಕೊಡಬಲ್ಲೆ, ಮೊದಲು ಹೆಣೆದದ್ದು ಮಾತ್ರ ಒಂದು ಜೊತೆ ಕಾಲುಚೀಲ, ಒಂದು ಮಗುವಿಗೆ, ಇನ್ನೊಂದು ಆನೆಮರಿಗೆ, ಬಿಚ್ಚಿ, ಎಂದಳು, ಬಿಚ್ಚಿದೆ, ಬಿಚ್ಚಿ, ಎಂದಳು, ಮತ್ತೆ ಬಿಚ್ಚಿದೆ, ಆ ಉಲ್ಲನ್ ದಾರ ಎಷ್ಟು ಸಲ ಬಿಚ್ಚಿಸಿಕೊಂಡಿತೋ, ಆದರೂ ಹಟ ಮಾಡಲಿಲ್ಲ, ಅದಕ್ಕೂ ಒಂದು ನಮಸ್ಕಾರ ಹೇಳಬೇಕು.

ಮಾವಾ, ಅವಳಿಗೆ ನೋವು ಶುರುವಾಗಿದೆ, ಈಗ್ಲೇ, ಏನ್ಮಾಡ್ಲಿ, ಎಂದು ನಿನ್ನೆ ಅಳಿಯನ ಫೋನು ಬಂತು, ನಾವು ಬರುವಷ್ಟರಲ್ಲಿ ಮಗು ಹೊರಗೆ, ಗಾಜಿನ ಪೆಟ್ಟಿಗೆಯೊಳಗೆ, ಡಾಕ್ಟರಮ್ಮ ಬಂದು ಉಸಿರು ತಾನೇ ತಗೋತಿದ್ದಾಳೆ, ಅದು ಒಳ್ಳೇದು, ಮಿಕ್ಕಿದ್ದು ಈಗ್ಲೇ ಹೇಳಕ್ಕಾಗಲ್ಲ ಎಂದರು, ಉಸಿರು ತಾನೇ ತಗೋತಿದ್ದಾಳೆ, ಈ ಮಾತನ್ನು ನಾಲಿಗೆಯ ಕೆಳಗಿಟ್ಟುಕೊಂಡಿದ್ದೇನೆ, ಕಲ್ಲುಸಕ್ಕರೆಯ ಹಾಗೆ — ಬೆಳಿಗ್ಗೆ ಸಿಸ್ಟರ್ ಹೊರಗೆ ಬಂದು, ತಾತ, ಪುಟ್ಟ ಟೋಪಿ ಬೇಕಲ್ಲ, ತಲೆಯಿಂದಾನೇ ಶಾಖ ಹೋಗಿಬಿಡುತ್ತೆ ಎಂದಳು, ಚೀಲದಿಂದ ತೆಗೆದುಕೊಟ್ಟೆ, ನಾನು ಹೆಣೆದದ್ದು, ತಿಂಗಳು ತುಂಬಿದ ಮಗುವಿನ ಅಳತೆಯದು, ಹೋದವಳು ಹಾಗೇ ಬಂದಳು, ಗಲ್ಲದ ತನಕ ಇಳಿಯುತ್ತೆ ತಾತ, ಅಳಿಯ ಅಂಗಡಿಗೆ ಓಡಿ ತಂದದ್ದೂ ಹಾಗೇ, ಎಷ್ಟು ಇರಬೇಕಮ್ಮ ಎಂದರೆ ಸಿಸ್ಟರ್ ಅತ್ತಿತ್ತ ನೋಡಿದಳು, ಹೆಂಡತಿಯ ಮಡಿಲಲ್ಲಿದ್ದ ಕೈ ಕಂಡಿತು, ಇಷ್ಟೇ, ಅಮ್ಮನ ಮುಷ್ಟಿಗಿಂತ ಒಂಚೂರು ದೊಡ್ಡದು, ಇಬ್ಬರೂ ಆ ಮುಷ್ಟಿಯನ್ನೇ ನೋಡಿದೆವು, ನಾನು ದಾರ ತೆಗೆದೆ, ಚೀಲದ ತಳದಲ್ಲಿದ್ದ ಮೆತ್ತನೆಯ ಹತ್ತಿ ದಾರ, ಬಾಳೆಹಣ್ಣಿನ ಬಣ್ಣದ್ದು, ನಡುವಿನಿಂದ ಶುರು ಮಾಡಿ, ಸುತ್ತು ಹೋಗ್ತಾ ಅಗಲ ಮಾಡಿ, ಸಾಕು, ಈಗ ನೇರ ಇಳಿಸಿ, ಎನ್ನುತ್ತಾಳೆ ಹೆಂಡತಿ, ಸುತ್ತಿಗೊಮ್ಮೆ ಅವಳ ಮುಷ್ಟಿಗೆ ತೊಡಿಸಿ ನೋಡುತ್ತೇನೆ, ಅವಳು ಕೈ ಎತ್ತಿ ಹಿಡಿಯುತ್ತಾಳೆ, ಪೆಟ್ಟಿಗೆಯಲ್ಲಿರುವ ತಲೆಯೇ ಇಲ್ಲಿದೆಯೇನೋ ಎನ್ನುವಷ್ಟು ಅಲುಗದೆ, ಈ ಕೈ ಇನ್ನು ಯಾತಕ್ಕೂ ಬರಲ್ಲ ಅಂದ್ಕೊಂಡಿದ್ದೆ ಕಣ್ರೀ, ಎಂದಳು, ನಾನು ಬಗ್ಗಿ ದಾರದ ತುದಿ ಹುಡುಕುವವನಂತೆ ಮಾಡಿದೆ, ಕಣ್ಣು ಮಂಜಾಗಿ ಕುಣಿಕೆ ಕಾಣಲಿಲ್ಲ.

ಆದರೆ ಮಗಳು — ಆ ಕಡೆಯ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಮಗುವನ್ನು ಇನ್ನೂ ನೋಡಿಲ್ಲ, ನೋಡಲ್ಲಪ್ಪ, ನೋಡಿದ್ರೆ ಬಿಟ್ಟಿರಕ್ಕಾಗಲ್ಲ, ಆಮೇಲೆ ಏನಾದ್ರೂ ಆದ್ರೆ ನಾನು ಹೇಗಿರ್ಲಿ, ಎಂದಳು, ಅಳಿಯ ಹೇಳಿ ಸೋತ, ತಾಯಿ ಹೇಳಿ ಸೋತಳು — ಕೊನೆಯ ಸುತ್ತು, ದಾರ ಕತ್ತರಿಸಿ ತುದಿಯನ್ನು ಒಳಗೆ ಸೇರಿಸಿದೆ, ಹೆಂಡತಿ ಎಡಗೈಯಲ್ಲಿ ತಡವಿ ನೋಡಿದಳು, ಅಂಚು ತಡವಿದಳು, ಬಿಚ್ಚಿ ಎನ್ನುತ್ತಾಳೆ ಎಂದು ಕಾದೆ, ಎನ್ನಲಿಲ್ಲ, ಅವಳಿಗೊಂದ್ಸಲ ತೋರಿಸಿ ಬನ್ನಿ, ಎಂದಳು, ಹೋದೆ, ಮಗಳೇ ಎಂದೆ, ತಿರುಗಲಿಲ್ಲ, ದಿಂಬಿನ ಪಕ್ಕದಲ್ಲಿದ್ದ ಅಂಗೈಯೊಳಗೆ ಕುಲಾವಿ ಇಟ್ಟೆ, ಬೆರಳು ಮುಟ್ಟಿತು, ನಿಂತಿತು, ಮತ್ತೆ ಮುಟ್ಟಿತು, ಮೆಲ್ಲಗೆ ತಿರುಗಿದಳು, ಇಷ್ಟೇನಾ ಅಪ್ಪ, ಅವಳ ತಲೆ ಇಷ್ಟೇನಾ, ಹೂಂ ಮಗಳೇ, ಇಷ್ಟೇ, ಯಾರು ಹೆಣೆದಿದ್ದು, ಅಮ್ಮನ ಕೈಲಿ ಆಗಲ್ವಲ್ಲ, ನಾನೇ, ನೀನಾ, ಎಂದಳು, ಥೇಟ್ ತಾಯಿಯ ಹಾಗೆಯೇ, ತುಟಿ ನಗುವುದಕ್ಕೆ ಹೋಗಿ ಅಳುವಿಗೆ ತಿರುಗಿತು, ತಲೆ ಮೇಲೆ ಕೈಯಿಟ್ಟೆ, ಅತ್ತು ಮುಗಿಯಲಿ ಎಂದು ನಿಂತೆ, ಮುಗಿದಾಗ ಸಿಸ್ಟರ್‌ಗೆ ಕೊಡಲೇನಮ್ಮ ಎಂದೆ, ಕುಲಾವಿಯನ್ನು ಎದೆಗೆ ಒತ್ತಿಕೊಂಡಳು, ಬೇಡ, ಯಾರೂ ಹಾಕ್ಬೇಡಿ, ನಾನೇ ಹಾಕ್ತೀನಿ.

ಗಾಲಿಕುರ್ಚಿ ತಳ್ಳಿದವನು ಅಳಿಯ, ಬಾಗಿಲು ಹಿಡಿದವಳು ಸಿಸ್ಟರ್, ಕುಲಾವಿಯನ್ನು ಶುದ್ಧ ಮಾಡಿಸಿ ಬಿಸಿಯಾಗಿ ತಂದುಕೊಟ್ಟವಳೂ ಅವಳೇ, ಅವಳ ಹೊಟ್ಟೆ ತಣ್ಣಗಿರಲಿ, ಇವತ್ತೊಂದು ದಿನ ಎಲ್ಲರೂ ಬನ್ನಿ, ಕೈ ತೊಳ್ಕೊಳ್ಳಿ, ಹತ್ತಿರ ಬರ್ಬೇಡಿ ಎಂದಳು, ಗೋಡೆಯ ಪಕ್ಕ ನಿಂತೆವು ನಾವಿಬ್ಬರೂ, ಇವಳು ನನ್ನ ಅಂಗಿಯ ತೋಳು ಹಿಡಿದಿದ್ದಾಳೆ, ಇದೇ ನನ್ನ ಮೊಮ್ಮಗಳು, ಕೆಂಪಗೆ, ತೆಳ್ಳಗೆ, ಮೂಗಿನ ಮೇಲೆ ಸಿಟ್ಟು, ಬರಿ ತಲೆ, ನೆತ್ತಿಯ ನಡುವೆ ಮೂಳೆಯಿನ್ನೂ ಕೂಡದ ಮೆತ್ತನೆಯ ಜಾಗ ಮಿಡಿಯುತ್ತಿದೆ, ಚರ್ಮದ ಕೆಳಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟುತ್ತಿರುವ ಹಾಗೆ, ಅದರ ಮೇಲಿಂದ ಕಣ್ಣು ತೆಗೆಯುವುದಕ್ಕಾಗುತ್ತಿಲ್ಲ — ಮಗಳು ಗಾಜಿನ ಕಿಂಡಿಯಲ್ಲಿ ಎರಡೂ ಕೈ ತೂರಿಸುತ್ತಾಳೆ, ನೆತ್ತಿಯ ಹತ್ತಿರ ತಂದು ನಿಲ್ಲಿಸುತ್ತಾಳೆ, ಭಯ ಬೇಡ ಅಕ್ಕ, ಹಿಂದಿನಿಂದ ಹಾಕಿ, ಎನ್ನುತ್ತಾಳೆ ಸಿಸ್ಟರ್, ಮೊದಲು ಒಂದು ಕಿವಿ ಒಳಗೆ ಹೋಯಿತು, ಆಮೇಲೆ ಇನ್ನೊಂದು, ಸರಿಯಾಗಿ ಕೂತಿತು, ಪುಟ್ಟೀ, ನಾನು ಕಣೇ, ಎಂದಳು ಮಗಳು, ಕೈ ಹೊರಗೆ ತೆಗೆಯಲೇ ಇಲ್ಲ, ಸರಿಯಾಗಿದೆಯೇನ್ರೀ, ಎನ್ನುತ್ತಾಳೆ ಇವಳು, ಸರಿಯಾಗಿದೆ ಕಣೇ, ಎನ್ನುತ್ತೇನೆ, ಯಾರಿಗೆ ಕೈ ಮುಗಿಯಲಿ, ಇವಳಿಗೋ, ಸಿಸ್ಟರ್‌ಗೋ, ಆ ಉಸಿರಿಗೋ, ನೋಡು, ದಾರದ ಕೆಳಗೂ ನೆತ್ತಿ ಮಿಡಿಯುತ್ತಿದೆ, ಬಾಳೆಹಣ್ಣಿನ ಬಣ್ಣದ ಕುಣಿಕೆಗಳು ಏಳುತ್ತಿವೆ, ಇಳಿಯುತ್ತಿವೆ, ನೆತ್ತಿ ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ —