ಹೊನ್ನವ್ವ ಹೇಳದ ಹೆಸರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನಿಗೆ ನಾಳೆಯಿಂದ ಕಾಫಿ ಸಿಗದಿರಲಿ.

ಚಂದ್ರಾ ಲೇಔಟಿನ ಮಹಿಳಾ ಸಂಘದಲ್ಲಿ ಮಹಿಳಾ ದಿನಾಚರಣೆ. ಅಧ್ಯಕ್ಷೆ ಕೋಕಿಲಾಳ ಭಾಷಣ ಕೇಳಿ ಸಭೆ ಎಷ್ಟು ಅತ್ತಿತೆಂದರೆ, ಹೊರಗೆ ಬಂದು ನಿಂತಿದ್ದ ವಾಟರ್ ಟ್ಯಾಂಕರಿನವನು ಇಲ್ಲಿ ನೀರಿಗೇನೂ ಕೊರತೆಯಿಲ್ಲವೆಂದು ಗಾಡಿ ತಿರುಗಿಸಿಕೊಂಡು ಹೋದ.

ಅವಳು ಹೇಳಿದ್ದು ಅತ್ತೆ ಶಾಂತವ್ವನ ತಾಯಿ ಹೊನ್ನವ್ವನ ಸಂಗತಿ. ದೇಶದ ಮೊದಲ ಚುನಾವಣೆಗೆ ಹೆಸರು ಬರೆದುಕೊಳ್ಳಲು ಬಂದವರಿಗೆ ಹೊನ್ನವ್ವ ಬಾಗಿಲ ಮರೆಯಿಂದ ‘ತಮ್ಮಣ್ಣನ ಅವ್ವ’ ಎಂದಷ್ಟೇ ಹೇಳಿದ್ದಳು. ಪರಗಂಡಸಿನೆದುರು ಹೆಣ್ಣು ತನ್ನ ಹೆಸರು ಹೇಳುವುದು ಆಗ ಮರ್ಯಾದೆಯಲ್ಲ. ಹಾಗೆ ಹೆಸರು ಹೇಳದೆ ದೇಶದಲ್ಲಿ ಸುಮಾರು ಇಪ್ಪತ್ತೆಂಟು ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದರು. ಮತದಾನದ ದಿನ ಇಳಕಲ್ ಸೀರೆ ಉಟ್ಟು ಹೋದ ಹೊನ್ನವ್ವ ಬಂದ ದಾರಿಯಲ್ಲೇ ವಾಪಸಾದಳು. ಇದನ್ನು ಹೇಳಿದ್ದಕ್ಕೆ ಕೋಕಿಲಾಗೆ ಶಾಲು ಹೊದಿಸಿದರು.

ಆಮೇಲೆ ಚುನಾವಣೆ ಬಂತು. ಶುಕ್ರವಾರ ಮತದಾನ; ಶನಿವಾರ, ಭಾನುವಾರ ಹೇಗೂ ರಜೆ. ಕೋಕಿಲಾ ಸಂಘದವರನ್ನೆಲ್ಲ ಸೇರಿಸಿ ರೆಸಾರ್ಟಿಗೆ ಮಿನಿಬಸ್ ಮಾಡಿದಳು. ಬೆಳಗ್ಗೆ ಹೊರಡುವಾಗ ಗೇಟಿನಲ್ಲಿ ಶಾಂತವ್ವ ಕೋಲು ಹಿಡಿದು ನಿಂತಿದ್ದಳು. ಬೂತಿಗೆ ತನ್ನನ್ನು ಯಾರು ಕರೆದೊಯ್ಯುತ್ತೀರಿ ಎಂದು ಕೇಳಿದಳು. ಬಿಸಿಲು ಜಾಸ್ತಿ, ಈ ಸಲ ಬೇಡ ಎಂದು ಕೋಕಿಲಾ ಸಮಾಧಾನ ಹೇಳಿದಳು.

“ನನ್ನ ಮಾತು ಬಿಡು. ನೀ ವೋಟು ಹಾಕಿದೇನ?”

“ಅಯ್ಯೋ ಅತ್ತೆ, ಯಾರು ಗೆದ್ರೂ ನಮ್ ರೋಡ್ ಗುಂಡಿ ಹಂಗೇ ಇರುತ್ತೆ ಬಿಡಿ.”

“ನಮ್ಮವ್ವ ಬಾಯಿ ಬಿಡಲಾರದಕ್ಕ ವೋಟು ಕಳಕೊಂಡ್ಳು. ಆಕಿ ಕತಿ ಹೇಳಿ ನೀ ಶಾಲು ಹೊದಿಸಿಕೊಂಡಿ. ಇವತ್ತ ನಿನಗೇನಾಗೇತಿ?”

ಬಸ್ಸಿನ ಕಿಟಕಿಗಳ ತುಂಬ ಸಂಘದವರ ಮುಖಗಳು. ಕೋಕಿಲಾಳ ಮುಖ ಎಷ್ಟು ಕೆಂಪಾಯಿತೆಂದರೆ, ಹಿಂದೆ ಬರುತ್ತಿದ್ದ ಆಟೋ ಸಿಗ್ನಲ್ ಬಿತ್ತೆಂದು ನಿಂತುಬಿಟ್ಟಿತು.

“ಹಂಗಲ್ಲ ಅತ್ತೆ, ನನ್ನೊಬ್ಬಳ ವೋಟಿಂದ ಏನು…”

ಶಾಂತವ್ವ ಆಗಲೇ ಬೆನ್ನು ತಿರುಗಿಸಿ, ಮತಗಟ್ಟೆಯಿದ್ದ ಶಾಲೆಯ ಕಡೆ ಕೋಲೂರಿಕೊಂಡು ಹೊರಟಿದ್ದಳು.

ಆ ಬೆನ್ನು ನೋಡುತ್ತ ನಿಲ್ಲುವುದು ಕೋಕಿಲಾಳಿಂದ ಆಗಲಿಲ್ಲ. ರೆಸಾರ್ಟಿಗೆಂದು ಕೊಂಡ ಟೋಪಿಯನ್ನು ಬಸ್ಸಿನೊಳಗೆ ಎಸೆದು, ಓಡಿಹೋಗಿ ಅತ್ತೆಯ ಕೈ ಹಿಡಿದಳು. ಹಿಂದೆಯೇ ಒಬ್ಬೊಬ್ಬರಾಗಿ ಇಳಿದು ಬಸ್ಸು ಖಾಲಿಯಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮತಗಟ್ಟೆಯಲ್ಲಿ ಅಧಿಕಾರಿ ಹೆಸರು ಕೂಗಿದರು.

“ಶಾಂತವ್ವ ಅಂದ್ರ ನಾನ ರೀ,” ಎಂದದ್ದು ಬೀದಿಗೆಲ್ಲ ಕೇಳಿತು. ಕೋಕಿಲಾ ತನ್ನ ಸರದಿ ಬಂದಾಗ ತಲೆ ತಗ್ಗಿಸಿಕೊಂಡೇ ಹೂಂ ಎಂದಳು.

ಅಕ್ಕಂದಿರೇ, ತಾಯಂದಿರೇ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಇಲ್ಲದಿದ್ದರೆ ಸೇರಿಸಿ. ಮತದಾನದ ದಿನ ಮೊದಲು ಬೂತು, ಆಮೇಲೆ ಊರು. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವರು ಕೋಲು ತೆಗೆದುಕೊಳ್ಳುವವರೆಗೆ ಕಾಯಬೇಡಿ.