ಗುಡ್ಡದ ಮೇಲಿನ ಬಿಳಿ ಚುಕ್ಕೆ

ಕರಕರ ಎಂಬ ಸಣ್ಣ ಸದ್ದು ನಡುರಾತ್ರಿ ಕಸಿಲ್ದಾಳನ್ನು ಎಬ್ಬಿಸಿತು. ಇಲಿಯಲ್ಲ, ಇಲಿ ಇಷ್ಟು ಹುಷಾರಾಗಿ ಕೆರೆಯುವುದಿಲ್ಲ. ದೀಪ ಹಿಡಿದು ಚಿತ್ರದ ಕೋಣೆಗೆ ಹೋದಳು. ಗಂಡ ಬಾಲ್ತಸಾರ್ ತಾನು ಬರೆದ ತೊಲೇದೋ ನಗರದ ಚಿತ್ರದ ಮುಂದೆ ಕೂತು, ನದಿಯಾಚೆಯ ಗುಡ್ಡದ ಮೇಲಿದ್ದ ಬಿಳಿ ಚುಕ್ಕೆಯನ್ನು ಚಾಕುವಿನ ತುದಿಯಿಂದ ಕೆರೆಯುತ್ತಿದ್ದ.

ಆ ಚುಕ್ಕೆ ಮಗಳು ಲಿಯೊಕಾದಿಯಾಳ ಸಮಾಧಿ. ಪ್ಲೇಗಿನ ವರ್ಷ ಸತ್ತವರನ್ನು ಗಾಡಿಯಲ್ಲಿ ಹೇರಿ ನದಿಯಾಚೆ ಎಲ್ಲೋ ಹೂಳುತ್ತಿದ್ದರು. ಗಾಡಿಯ ಹಿಂದೆ ಹೋದವನು ಬಾಲ್ತಸಾರ್ ಒಬ್ಬನೇ. ಜಾಗ ಯಾವುದೆಂದು ಅವಳು ಮತ್ತೆ ಮತ್ತೆ ಕೇಳಿದಾಗ, ಬಾಯಿಬಿಡದೆ ಚಿತ್ರದಲ್ಲಿ ಚುಕ್ಕೆಯಿಟ್ಟು ತೋರಿಸಿದ್ದ.

"ಏನ್ರೀ ಇದು! ಕೈ ತೆಗೀರಿ ಅಲ್ಲಿಂದ!"

"ಕಣ್ಣು ಅಲ್ಲಿಗೇ ಓಡುತ್ತೆ ಕಣೇ. ನಾನು ಬರೆದ ಮೋಡ ಸತ್ತೋಗುತ್ತೆ."

"ಸಾಯಲಿ ನಿಮ್ಮ ಮೋಡ. ಚಿತ್ರದಲ್ಲಿ ದೊಡ್ಡ ಇಗರ್ಜಿನೇ ಕಿತ್ತು ಅರಮನೆ ಪಕ್ಕಕ್ಕೆ ತಂದಿಟ್ರಲ್ಲ, ಬಿಷಪ್ಪರನ್ನ ಕೇಳಿದ್ರಾ? ಮಗಳಿಗೆ ಸಾಸಿವೆಯಷ್ಟು ಜಾಗ ಇಲ್ವಾ?"

ಇಗರ್ಜಿಯ ಮಾತೆತ್ತಿದರೆ ಅವನು ನಗುತ್ತಿದ್ದ. ಈಗ ನಗಲಿಲ್ಲ. ಅವಳಿಗೆ ಹೆದರಿಕೆಯಾಯಿತು.

"ಅವಳು ಅಲ್ಲಿಲ್ಲ ಕಣೇ."

"ಅಂದ್ರೆ?"

"ಆಗ ಚಿತ್ರಕ್ಕೆ ಅಲ್ಲೊಂದು ಬಿಳುಪು ಬೇಕಿತ್ತು, ಇಟ್ಟೆ. ನಾನು ಹೋಗಿದ್ದು ಸೇತುವೆವರೆಗೆ ಅಷ್ಟೇ. ಬಟ್ಟೆಯಿಂದಾಚೆ ಅವಳ ಪಾದ ಕಾಣ್ತಿತ್ತು, ಗಾಡಿ ಕುಲುಕಿದಾಗೆಲ್ಲ ಅಲ್ಲಾಡ್ತಿತ್ತು. ನೋಡಕ್ಕಾಗ್ಲಿಲ್ಲ. ತಿರುಗಿ ಬಂದ್ಬಿಟ್ಟೆ."

ಕಸಿಲ್ದಾ ದೀಪವನ್ನು ಚುಕ್ಕೆಯ ಹತ್ತಿರ ಹಿಡಿದಳು. ಇಗರ್ಜಿಯ ಜಾಗ ತಪ್ಪಿದ್ದಕ್ಕೆ ನೋಡಿದವರೆಲ್ಲ ನಕ್ಕಿದ್ದರು. ಆ ಚುಕ್ಕೆಯನ್ನು ಮಾತ್ರ ಮನೆಯಲ್ಲಿ ಯಾರೂ ಅನುಮಾನಿಸಿರಲಿಲ್ಲ. ಅಳಿಯ ಹಿನೇಸ್ ಅಂತೂ ಚಿತ್ರದ ಮುಂದೆ ನಿಂತು, ಎರಡು ಬಂಡೆಗಳ ನಡುವಿನ ಆ ಜಾಗವನ್ನು ಕಣ್ಣಲ್ಲೇ ಬರೆದುಕೊಂಡು ಹೋಗಿದ್ದ. ಅಲ್ಲಿ ಕಲ್ಲು ಜೋಡಿಸಿ ಶಿಲುಬೆ ನಿಲ್ಲಿಸಿದ್ದ. ಪ್ರತಿ ಭಾನುವಾರ ಹೋಗಿ ಹೆಂಡತಿಯ ಜೊತೆ ಮಾತಾಡಿ ಬರುತ್ತಿದ್ದ.

"ಹಿನೇಸನಿಗೆ ನಾನೇ ಹೇಳ್ತೀನಿ," ಎಂದ ಬಾಲ್ತಸಾರ್.

"ಅವನ ಹತ್ರ ಇನ್ನೇನು ಉಳಿದಿದೆ ಅಂತ ಅದನ್ನೂ ಕಿತ್ಕೋತೀರಿ?"

ಭಾನುವಾರ ಹಿನೇಸ್ ಬಾಗಿಲಲ್ಲಿ ನಿಂತ. ಬುಟ್ಟಿಯಲ್ಲಿ ಅಂಜೂರ.

"ಅತ್ತೆ, ಇವತ್ತಾದ್ರೂ ಬನ್ನಿ. ನೀವು ಬರಲ್ಲ ಅಂತ ಅವಳಿಗೆ ಮುನಿಸು. ನನ್ನ ತಲೆ ತಿಂತಾಳೆ."

ಅವಳು ಶಾಲು ಹೊದ್ದು ಹೊರಟಳು. ಸೇತುವೆ ದಾಟಿದರೆ ಬೋಳುಗುಡ್ಡ. ಎತ್ತ ನೋಡಿದರೂ ಒಂದೇ ಮಣ್ಣು. ಹಿನೇಸ್ ಕಲ್ಲುಗಳ ಸುತ್ತಲಿನ ಹುಲ್ಲು ಕಿತ್ತು, ಮೊಣಕಾಲೂರಿ, "ಯಾರು ಬಂದಿದಾರೆ ನೋಡೇ, ಈಗ ಸಮಾಧಾನ ಆಯ್ತಾ?" ಎಂದ.

ಕಸಿಲ್ದಾ ಅವನ ಪಕ್ಕದಲ್ಲಿ ಕೂತಳು. ಇವನಿಗೆ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ, ಪಾಪನಿವೇದನೆಯಲ್ಲಿ ಗುರುಗಳಿಗೂ ಇಲ್ಲ.