ಮೂರನೇ ಸಾಲಿನ ಕತ್ತು

ನಾಟಕಕ್ಕೆ ಬಂದವರು ರಂಗದ ಕಡೆ ಕಣ್ಣು ನೆಟ್ಟು ಕೂರುವುದು ಲೋಕರೂಢಿ. ನಮ್ಮ ನಿರ್ದೇಶಕರು ಮಾತ್ರ ತಮ್ಮದೇ ನಾಟಕದ ಮೊದಲ ಪ್ರದರ್ಶನದ ದಿನ ನಾಲ್ಕನೇ ಸಾಲಿನಲ್ಲಿ ಕೂತು, ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿದ್ದ ಒಂದು ಕತ್ತನ್ನು ನೋಡುತ್ತಿದ್ದರು. ಆ ಕತ್ತು ಪತ್ರಿಕೆಯ ವಿಮರ್ಶಕರದು. ತಂಡದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಮೂರನೇ ಸಾಲು' ಎಂದರೆ ಸಾಕಿತ್ತು. "ಮೂರನೇ ಸಾಲು ಬಂದ್ರಾ?" ಎಂದು ಪರದೆಯ ಸಂದಿಯಿಂದ ಇಣುಕಿ ಖಾತ್ರಿ ಮಾಡಿಕೊಳ್ಳದೆ ಮೊದಲ ಗಂಟೆ ಬಾರಿಸುವ ಹಾಗಿರಲಿಲ್ಲ.

ನಿರ್ದೇಶಕರ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರುತ್ತಿತ್ತು. ಕತ್ತು ಎಡಕ್ಕೆ ವಾಲಿದರೆ ಒಂದು ಗುರುತು, ಬಲಕ್ಕೆ ವಾಲಿದರೆ ಇನ್ನೊಂದು. ಕೆಮ್ಮು, ಆಕಳಿಕೆ, ಕೈಗಡಿಯಾರದ ಮೇಲೆ ಬಿದ್ದ ದೃಷ್ಟಿ, ಎಲ್ಲಕ್ಕೂ ಲೆಕ್ಕ. ಮರುದಿನ ಆ ಗುರುತುಗಳ ಪ್ರಕಾರ ನಾಟಕಕ್ಕೆ ಕತ್ತರಿ ಬೀಳುತ್ತಿತ್ತು. ಕೆಮ್ಮಿದ ಕಡೆ ಅರ್ಧ ದೃಶ್ಯ ಹೋಗುತ್ತಿತ್ತು, ಆಕಳಿಸಿದ ಕಡೆ ಪೂರಾ ಪಾತ್ರವೇ ಹೋಗುತ್ತಿತ್ತು. ಒಮ್ಮೆ ಸೇನಾಪತಿಯೊಬ್ಬ ಎರಡನೇ ಪ್ರದರ್ಶನಕ್ಕೆ ಮೀಸೆ ಅಂಟಿಸಿಕೊಂಡು ಬಂದ ಮೇಲೆ, ನಿನ್ನೆಯ ಆಕಳಿಕೆಗೆ ತಾನು ಯುದ್ಧಕ್ಕೆ ಮುಂಚೆಯೇ ಸತ್ತೆನೆಂದು ತಿಳಿದು ಮೀಸೆ ಕಿತ್ತುಕೊಂಡು ಮನೆಗೆ ಹೋದದ್ದುಂಟು.

ಇನ್ನು ಅಚ್ಚಾಗಿ ಬಂದ ವಿಮರ್ಶೆಯ ಮಾತಂತೂ ಕೇಳುವುದೇ ಬೇಡ. 'ಮಾತು ಹೆಚ್ಚಾಯಿತು' ಎಂದು ಮೂರನೇ ಸಾಲು ಬರೆದ ವರ್ಷ, ಮುಂದಿನ ನಾಟಕದಲ್ಲಿ ಎರಡು ಗಂಟೆ ಯಾರೂ ತುಟಿ ಬಿಚ್ಚಲಿಲ್ಲ. ಮೈಕು ಕೆಟ್ಟಿದೆ ಎಂದು ಹಿಂದಿನ ಸಾಲಿನವರು ಕೂಗಾಡಿದರು. 'ಈ ಮೌನ ಉಸಿರುಗಟ್ಟಿಸುತ್ತದೆ' ಎಂದು ಬರೆದರು, ಮುಂದಿನದರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. 'ರಂಗ ಬಡವಾಗಿದೆ' ಎಂದಾಗ ಮೂರು ಮೆಟ್ಟಿಲು ಸಾಲು ಎದ್ದು ನಿಂತವು, ಮಹಾರಾಣಿಯ ಕಾಲು ಉಳುಕಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆ ಇರುತ್ತಾರೆ, ನಮ್ಮ ನಿರ್ದೇಶಕರು ಕರುವಿಗೆ ಹಗ್ಗವನ್ನೂ ಹೊಸೆದು ಇಟ್ಟುಕೊಂಡಿರುತ್ತಿದ್ದರು. ಆದರೂ ಒಂದು ಒಳ್ಳೆಯ ವಿಮರ್ಶೆ ಎಂಬುದು ಅವರ ಹಣೆಯಲ್ಲಿ ಬರೆದಿರಲಿಲ್ಲ.

ಇದೆಲ್ಲದರ ನಡುವೆ ಅವರ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಅದೇ ತಂಡದಲ್ಲಿ ನಟಿಸುತ್ತಿದ್ದರು. ದಾಸಿ, ಪಕ್ಕದ ಮನೆಯವಳು, ಗುಂಪಿನಲ್ಲಿ ಮೂರನೆಯವಳು. ಒಮ್ಮೆ ಹೆಣ, ಅದೂ ಮುಸುಕು ಹಾಕಿದ ಹೆಣ. ಯಾವುದಕ್ಕೂ ಆಕೆ ಬೇಡ ಅಂದವರಲ್ಲ. ಈ ಸಲದ ನಾಟಕದಲ್ಲಿ ಹೇಗೋ ಏನೋ ಒಂದು ತಾಯಿಯ ಪಾತ್ರ ಸಿಕ್ಕಿತ್ತು. ಮನೆಬಿಟ್ಟು ಹೋದ ಮಗನ ಅಂಗಿ ಮಡಚುತ್ತಾ ತಾಯಿ ಒಬ್ಬಳೇ ಮಾತಾಡುವ ದೃಶ್ಯ. ಏನು ಮಾತಾಡಬೇಕು ಎಂಬುದನ್ನು ನಿರ್ದೇಶಕರು ಬರೆದಿರಲಿಲ್ಲ. ಹಸ್ತಪ್ರತಿಯಲ್ಲಿ 'ತಾಯಿ ಮಾತಾಡುತ್ತಾಳೆ' ಎಂದು ಒಂದು ಸಾಲು ಗೀಚಿ, "ನೀನೇ ಏನಾದ್ರೂ ಸೇರಿಸ್ಕೋ" ಎಂದು ಹೇಳಿ, ಹೊಗೆ ಬಿಡುವ ಯಂತ್ರ ನೋಡಲು ಹೋಗಿದ್ದರು.

ಆಕೆ ಸೇರಿಸಿಕೊಂಡರು. ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ, ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಮೂರು ತಿಂಗಳು ಆ ಮಾತುಗಳನ್ನು ಒಂದೊಂದಾಗಿ ಜೋಡಿಸಿದರು. ತಾಲೀಮಿನಲ್ಲಿ ಆ ಜಾಗ ಬಂದಾಗಲೆಲ್ಲ ನಿರ್ದೇಶಕರು ಚಪ್ಪಾಳೆ ತಟ್ಟಿ, "ಇಲ್ಲಿ ತಾಯಿ ಮಾತು. ಅವಳು ಹೇಗೂ ಮಾಡ್ತಾಳೆ, ಮುಂದಕ್ಕೆ ಹೋಗೋಣ" ಎನ್ನುತ್ತಿದ್ದರು. ಹೆಂಡತಿಯ ಭಾಗವನ್ನು ಹಾರಿಸಿ ಸಮಯ ಉಳಿಸುವುದು ಅವರ ಹಳೆಯ ಪದ್ಧತಿ. ಹೀಗಾಗಿ ಮೊದಲ ಪ್ರದರ್ಶನದವರೆಗೆ ಆ ಮಾತನ್ನು ಕೇಳಿದ್ದು ಅಡುಗೆಮನೆಯ ನಲ್ಲಿ ಮಾತ್ರ.

ಗುರುವಾರ ಸಂಜೆ ಮೊದಲ ಪ್ರದರ್ಶನ. ತಾಯಿ ರಂಗಕ್ಕೆ ಬಂದು ಬಾಯಿ ತೆರೆದ ಅರ್ಧ ನಿಮಿಷಕ್ಕೆ ಮೂರನೇ ಸಾಲಿನ ಕತ್ತು ಬಾಗಿತು. ಬಾಗಿದ್ದು ಮೇಲೇಳಲಿಲ್ಲ. ನಿರ್ದೇಶಕರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕತ್ತು ಇನ್ನೂ ಕೆಳಗಿಳಿದು ಕುರ್ಚಿಯ ಬೆನ್ನಿನ ಮರೆಯಲ್ಲಿ ಮಾಯವೇ ಆಯಿತು. ಕತ್ತು ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ತಾಯಿ ಒಳಗೆ ಹೋಗಿಯಾಗಿತ್ತು. 'ಏಳು ನಿಮಿಷ. ಪೂರ್ತಿ ನಿದ್ದೆ' ಎಂದು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದರು.

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ವಿಷಯ ತೆಗೆದರು. "ನೋಡು, ಬೇಜಾರು ಮಾಡ್ಕೋಬೇಡ. ಆ ತಾಯಿ ಮಾತು ತೆಗೀತಿದ್ದೀನಿ. ಜನಕ್ಕೆ ಹಿಡಿಸ್ಲಿಲ್ಲ."

"ಯಾವ ಜನಕ್ಕೆ?" ಎಂದು ಕೇಳಿದರು ಆಕೆ.

"ಜನಕ್ಕೆ ಅಂದ್ರೆ... ಜನಕ್ಕೆ."

ಆಕೆ ಲೋಟ ತೆಗೆದುಕೊಂಡು ಒಳಗೆ ಹೋದರು. "ಸರಿ" ಎಂಬ ಒಂದು ಮಾತು ನಲ್ಲಿಯ ನೀರಿನ ಸದ್ದಿನ ಜೊತೆ ಕೇಳಿಸಿತು. ಎಷ್ಟು ಸುಲಭವಾಗಿ ಒಪ್ಪಿದಳು ಎಂದು ನಿರ್ದೇಶಕರಿಗೆ ಹಗುರವೆನಿಸಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದೂ 'ಸರಿ' ಎಂಬ ಮಾತಿಗೆ ಎಷ್ಟು ತೂಕವಿರಬಹುದು ಎಂದು ತಿಳಿಯದ ಗಂಡಂದಿರಿಗೆ ಯಾರು ಏನು ಹೇಳಲು ಸಾಧ್ಯ?

ಶುಕ್ರವಾರ, ಶನಿವಾರ ತಾಯಿ ಇಲ್ಲದ ನಾಟಕ ನಡೆಯಿತು. ಭಾನುವಾರ ವಿಮರ್ಶೆ ಬಂತು. ನಿರ್ದೇಶಕರು ಎಂದಿನಂತೆ ಒಂದು ಕಣ್ಣು ಮುಚ್ಚಿಕೊಂಡು ಓದತೊಡಗಿದರು. ಮೊದಲ ಮೂರು ಪ್ಯಾರಾ ನಾಟಕದ ಚರ್ಮ ಸುಲಿದಿದ್ದವು. ಹೊಗೆಯಿಂದ ಕಣ್ಣುರಿ ಬಂತಂತೆ, ಮೆಟ್ಟಿಲುಗಳು ಎಲ್ಲಿಗೂ ಹೋಗುವುದಿಲ್ಲವಂತೆ. ನಾಲ್ಕನೆಯ ಪ್ಯಾರಾದಲ್ಲಿ ಅವರ ಎರಡನೇ ಕಣ್ಣೂ ತೆರೆಯಿತು. 'ಇಷ್ಟಾದರೂ ಈ ನಾಟಕವನ್ನು ನೋಡಲೇಬೇಕು, ಒಂದು ಏಳು ನಿಮಿಷಕ್ಕಾಗಿ. ಮಗನ ಅಂಗಿ ಮಡಚುತ್ತಾ ಮಾತಾಡುವ ಆ ತಾಯಿ! ಅಂಗಿಯ ಒಂದೊಂದು ಮಡಿಕೆಯಲ್ಲೂ ಆಕೆಯ ನಡುಗುವ ಬೆರಳುಗಳು ಮಗನನ್ನೇ ಹುಡುಕುತ್ತವೆ. ನಿರ್ದೇಶಕರ ಇಷ್ಟು ವರ್ಷದ ದುಡಿಮೆ ಇಲ್ಲಿ ಸಾರ್ಥಕವಾಗಿದೆ.'

'ಸಾರ್ಥಕ' ಎಂಬ ಪದವನ್ನು ನಿರ್ದೇಶಕರು ಹನ್ನೊಂದು ಸಲ ಓದಿದರು. ಆಮೇಲೆ ಆ ಏಳು ನಿಮಿಷವನ್ನು ತಾವೇ ಕತ್ತರಿಸಿ ಬಿಸಾಡಿದ್ದು ನೆನಪಾಗಿ ಇಂಗು ತಿಂದ ಮಂಗನಂತಾದರು. ಅಷ್ಟರಲ್ಲಿ ಟಿಕೆಟ್ ಕೊಡುವಾಕೆ ಫೋನ್ ಮಾಡಿದಳು. ಬುಧವಾರದ ಪ್ರದರ್ಶನಕ್ಕೆ ಒಂದೂ ಕುರ್ಚಿ ಉಳಿದಿಲ್ಲ, ಎಲ್ಲರೂ ಕೇಳುತ್ತಿರುವುದು ತಾಯಿಯನ್ನೇ, ವಿಮರ್ಶಕರೂ ಇನ್ನೊಮ್ಮೆ ಬರುತ್ತಾರಂತೆ ಎಂದಳು.

ಹೆಂಡತಿ ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದರು. ನಿರ್ದೇಶಕರು ಪತ್ರಿಕೆ ಹಿಡಿದು ಓಡಿದರು. "ಓದಿದ್ಯಾ? ನೋಡು, ನಾನು ಆವತ್ತೇ ಹೇಳ್ಲಿಲ್ವಾ, ನಿನ್ನಲ್ಲಿ ಏನೋ ಇದೆ ಅಂತ!"

"ಯಾವತ್ತು?"

"ಹೋಗ್ಲಿ ಬಿಡು. ಬುಧವಾರ ಆ ಮಾತು ವಾಪಸ್ ಹಾಕ್ತಿದ್ದೀನಿ. ನೀನು ಮಾಡ್ಬೇಕು."

ಆಕೆ ಒದ್ದೆ ಟವೆಲನ್ನು ಕೊಡವಿದರು. "ಮಾಡ್ತೀನಿ. ಒಂದು ಕೇಳ್ತೀನಿ, ಹೇಳಿ. ಅಲ್ಲಿ ನಾನು ಕೈಯಲ್ಲಿ ಏನು ಮಾಡ್ತಿದ್ದೆ?"

ನಿರ್ದೇಶಕರ ಕಣ್ಣು ಮೆಲ್ಲಗೆ ಪತ್ರಿಕೆಯ ಕಡೆ ಜಾರಿತು. "ಅದೇ... ಅಂಗಿ ಮಡಚ್ತಿದ್ದೆ. ಬೆರಳು ನಡುಗ್ತಿತ್ತು. ಒಂದೊಂದು ಮಡಿಕೆಯಲ್ಲೂ..."

"ಅಂಗಿ ಇರ್ಲೇ ಇಲ್ಲ ಕಣ್ರೀ" ಎಂದರು ಆಕೆ. "ಆವತ್ತು ಸಂಜೆ ಅದು ಇಸ್ತ್ರಿಪೆಟ್ಟಿಗೆಗೆ ಅಂಟ್ಕೊಂಡು ಸುಟ್ಟೋಯ್ತು. ನಾನು ಬರಿಗೈಯಲ್ಲಿ ಬಂದೆ. ಮಡಚೋಕೆ ಏನೂ ಇರ್ಲಿಲ್ಲ."

ಟವೆಲ್ ತಂತಿಯ ಮೇಲೆ ನೇರವಾಗಿ ಕೂತಿತು. ನಿರ್ದೇಶಕರು ಪತ್ರಿಕೆಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. ಅಂಗಿಯೇ ಇರದಿದ್ದರೆ ಪತ್ರಿಕೆಯಲ್ಲಿ ಅಂಗಿ ಎಲ್ಲಿಂದ ಬಂತು? ಎಲ್ಲಿಂದ ಎಂದು ಅವರಿಗೆ ಥಟ್ಟನೆ ಹೊಳೆಯಿತು. ಪತ್ರಿಕೆಯವರಿಗೆ ಹಂಚಲು ಅವರೇ ಬರೆದ ಪರಿಚಯದ ಹಾಳೆಯಲ್ಲಿ 'ಅಂಗಿಯ ಒಂದೊಂದು ಮಡಿಕೆಯಲ್ಲೂ' ಎಂಬ ಸಾಲು ಇತ್ತು, ನಡುಗುವ ಬೆರಳೂ 'ಸಾರ್ಥಕ'ವೂ ಅಲ್ಲೇ ಇದ್ದವು. ಹನ್ನೊಂದು ಸಲ ಓದಿ ಮೈಯುಬ್ಬಿಸಿಕೊಂಡದ್ದು ತಾವೇ ಬರೆದುಕೊಂಡ ಹೊಗಳಿಕೆಯನ್ನೇ.

"ಅವ್ರು ನೋಡ್ಲಿಲ್ಲ. ಬಿಡಿ, ಅವ್ರು ಯಾರೋ ಏನೋ" ಎಂದರು ಹೆಂಡತಿ. "ನೀವೂ ನೋಡ್ಲಿಲ್ಲ. ನಂಗೆ ಮೇಲಿಂದ ಎಲ್ಲಾ ಕಾಣಿಸ್ತಿತ್ತು ರೀ. ಈಗ ನೋಡ್ತಾರೆ, ಈಗ ನೋಡ್ತಾರೆ ಅಂತ ಏಳು ನಿಮಿಷ ಕಾದೆ. ಆ ಮನುಷ್ಯನ ಕತ್ತಲ್ಲಿ ಅಂಥದ್ದೇನಿತ್ತು?"

ತಪ್ಪಾಯಿತು ಎಂದು ಹೇಳಬೇಕೆಂದು ನಿರ್ದೇಶಕರಿಗೆ ಅನಿಸಿತು. ಬಾಯಲ್ಲಿ ಬಂದದ್ದು ಮಾತ್ರ, "ಬುಧವಾರ ಖಂಡಿತ ನೋಡ್ತೀನಿ."

"ಬುಧವಾರ ಆ ಹೊತ್ತಿಗೆ ನೀವು ಒಳಗಿರಬಾರ್ದು. ಇದ್ರೆ ಮತ್ತೆ ನನ್ನ ಕಣ್ಣು ನಿಮ್ಮನ್ನೇ ಹುಡುಕುತ್ತೆ. ಆವತ್ತು ನಾನು ನೋಡೋಕೆ ಬಂದವ್ರಿಗೆ ಮಾಡ್ತೀನಿ. ಒಪ್ಪಿದ್ರೆ ಹೇಳಿ, ಇಲ್ಲದಿದ್ರೆ ನೀವೇ ಸೀರೆ ಉಟ್ಕೊಂಡು ಮಾಡಿ."

ಪೂರಾ ಮಾರಾಟವಾದ ಟಿಕೆಟ್ಟು, ಎರಡನೇ ಸಲ ಬರುವ ವಿಮರ್ಶಕರು. ನಿರ್ದೇಶಕರು ಒಪ್ಪದೆ ಇರಲಾಗಲಿಲ್ಲ.

ಬುಧವಾರ ಸಂಜೆ ರಂಗಮಂದಿರದಲ್ಲಿ ಗೋಡೆಗೆ ಒರಗಿಯೂ ಜನ ನಿಂತಿದ್ದರು. ತಾಯಿಯ ದೃಶ್ಯ ಹತ್ತಿರ ಬರುತ್ತಲೇ ನಿರ್ದೇಶಕರು ಕೊಟ್ಟ ಮಾತಿನಂತೆ ಹೊರಬಂದು, ಮುಚ್ಚಿದ ಬಾಗಿಲಿನೆದುರು ಬೆಂಚಿನ ಮೇಲೆ ಕೂತರು. ಒಳಗೆ ಗದ್ದಲ ಒಮ್ಮೆಗೇ ಅಡಗಿತು. ಆಕೆಯ ದನಿ ಇದೆ ಎಂದು ಗೊತ್ತಾಗುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅವರು ಬಾಗಿಲಿಗೆ ಕಿವಿ ಹಚ್ಚಬೇಕೆಂದು ಏಳುವಷ್ಟರಲ್ಲಿ ಬಾಗಿಲೇ ತೆರೆಯಿತು. ಹೊರಬಂದವರು ಮೂರನೇ ಸಾಲು.

"ಓ, ನೀವಿಲ್ಲಿದ್ದೀರಾ!" ಎಂದು ವಿಮರ್ಶಕರು ಪಕ್ಕದಲ್ಲೇ ಕೂತರು. "ಒಳಗೆ ಏನು ಸೆಕೆ ಮಾರಾಯ್ರೇ. ಈ ಭಾಗ ಹೇಗೂ ಬರೆದಾಗಿದೆಯಲ್ಲ, ಸ್ವಲ್ಪ ಗಾಳಿ ತಗೊಳ್ಳೋಣ ಅಂತ ಬಂದೆ."

"ಆವತ್ತು ನೀವು ತಲೆ ಬಗ್ಗಿಸ್ಕೊಂಡಿದ್ರಿ" ಎಂದರು ನಿರ್ದೇಶಕರು. "ಏಳು ನಿಮಿಷ."

"ಅದೊಂದು ಕಥೆ. ಕನ್ನಡಕದ ಸ್ಕ್ರೂ ಬಿದ್ದೋಯ್ತು. ಕುರ್ಚಿ ಕೆಳಗೆಲ್ಲಾ ತಡಕಾಡ್ದೆ, ಸಿಗೋ ಹೊತ್ತಿಗೆ ಆಯಮ್ಮ ಹೋಗಿಯೇ ಬಿಟ್ರು. ಆದ್ರೂ ಏನು ದೃಶ್ಯ ರೀ ಅದು! ನಿಮ್ಮ ಹಾಳೆಯಲ್ಲಿ ಓದಿದ್ರೇ ಮೈ ಜುಮ್ಮನ್ನುತ್ತೆ."

ಒಂದು ಸ್ಕ್ರೂವಿಗಾಗಿ ಹೆಂಡತಿಯ ಮೂರು ತಿಂಗಳನ್ನು ತಾವು ಎತ್ತಿ ಎಸೆದಿದ್ದರು. ನಿರ್ದೇಶಕರಿಗೆ ವಿಮರ್ಶಕರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಸ್ಕ್ರೂ ಹುಡುಕುತ್ತಿದ್ದವರಿಗಾದರೂ ಒಂದು ನೆಪವಿತ್ತು, ಕಣ್ಣು ನೆಟ್ಟಗಿದ್ದೂ ನೋಡದ ತಮಗೆ ಯಾವ ನೆಪವೂ ಇರಲಿಲ್ಲ.

ವಿಮರ್ಶಕರು ಜೇಬಿನಿಂದ ಪೆನ್ನು ತೆಗೆದರು. "ಈ ಭಾನುವಾರ ನಿಮ್ಮ ಮೇಲೇ ಒಂದು ದೊಡ್ಡ ಲೇಖನ ಮಾಡ್ತಿದ್ದೀನಿ. ಹೇಳಿ, ಆ ದೃಶ್ಯದಲ್ಲಿ ಆಕೆಯ ಮುಖವನ್ನ ನೀವು ಹೇಗೆ ಕಲ್ಪಿಸ್ಕೊಂಡ್ರಿ?"

"ನಂಗೊತ್ತಿಲ್ಲ ಸಾರ್. ನಾನು ನೋಡೇ ಇಲ್ಲ."

"ಆಹಾ!" ವಿಮರ್ಶಕರು ಬರೆದುಕೊಂಡರು. "ತನ್ನ ಸೃಷ್ಟಿಯನ್ನ ತಾನೇ ನೋಡದ ನಿರ್ದೇಶಕ! ಎಂಥಾ ನಿರ್ಲಿಪ್ತತೆ!"

ಬೇರೆ ಯಾವ ದಿನವಾಗಿದ್ದರೂ ಆ ಸಾಲಿಗೆ ನಿರ್ದೇಶಕರು ಮೂರು ದಿನ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಈಗ ಅವರ ಕಿವಿಯೆಲ್ಲ ಬಾಗಿಲಿನ ಕಡೆಗಿತ್ತು. ಒಳಗೆ ದನಿ ನಿಂತಿತು. ಚಪ್ಪಾಳೆ ಬೀಳಲಿಲ್ಲ, ಯಾರೋ ಮೂಗು ಸೀಟಿಕೊಂಡ ಸದ್ದು ಬಂತು. ಎಷ್ಟೋ ಹೊತ್ತಿನ ಮೇಲೆ ಇಡೀ ಮಂದಿರ ಒಮ್ಮೆಗೇ ಚಪ್ಪಾಳೆ ತಟ್ಟಿತು.

ಟಿಕೆಟ್ ಕೊಡುವಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಬೆಂಚಿನ ಮೇಲೆ ಕೂತ ಇಬ್ಬರನ್ನೂ ಕಂಡು ದಂಗಾದಳು. "ಅಯ್ಯೋ, ನೀವಿಬ್ರೂ ಇಲ್ಲೇ ಕೂತಿದ್ರಾ?"

"ಹೇಳಮ್ಮ" ಎಂದು ನಿರ್ದೇಶಕರು ಎದ್ದು ನಿಂತು, ಹೆಚ್ಚುಕಡಿಮೆ ಕೈ ಮುಗಿದರು. "ಅವಳು ಏನು ಮಾಡಿದ್ಲು?"

ವಿಮರ್ಶಕರೂ ಪೆನ್ನು ಹಿಡಿದು ಸಿದ್ಧರಾದರು.

ಆಕೆ ಕೈ ಎತ್ತಿ ಏನೋ ತೋರಿಸಲು ಹೋದಳು, ಆಗದೆ ಕೆಳಗಿಳಿಸಿದಳು.

"ಅದನ್ನ ಹೇಳೋಕಾಗುತ್ತಾ ಸಾರ್? ನೋಡ್ಬೇಕಿತ್ತು ನೀವು" ಎಂದು ಹೇಳಿ ಒಳಗೆ ಹೋದಳು.